ತಳ ಹಿಡಿದ ಟ್ರೇ

ಮೊದಲ ಸಲ ಬೀಫ್ ರೋಸ್ಟ್ ಮಾಡಿದ ಭಾನುವಾರ, ಮಾಂಸವನ್ನು ತಟ್ಟೆಗೆ ಎತ್ತಿಟ್ಟು ಖಾಲಿ ಟ್ರೇಯನ್ನು ಸೀದಾ ಸಿಂಕಿಗೆ ಇಳಿಸಿದೆ. ತಳದಲ್ಲಿ ಕಪ್ಪುಗಂದು ಬಣ್ಣದ್ದು ಏನೋ ಕಚ್ಚಿಕೊಂಡಿತ್ತು, ಒಂದು ಮೂಲೆಯಲ್ಲಿ ಒಂದಿಷ್ಟು ಕೊಬ್ಬು ನಿಂತಿತ್ತು. ತಳ ಹಿಡಿದ ಪಾತ್ರೆಗೆ ಏನು ಮಾಡ್ತೀವಿ? ಬಿಸಿನೀರು ಬಿಡ್ತೀವಿ, ಸೋಪು ಹಾಕ್ತೀವಿ, ಅರ್ಧ ಗಂಟೆ ನೆನೆಯೋಕೆ ಬಿಡ್ತೀವಿ. ಅಷ್ಟೇ ಮಾಡಿದ್ದು ನಾನು. ಊಟಕ್ಕೆ ಕರೆದಿದ್ದ ಪಕ್ಕದ ಮನೆ ಇಂಗ್ಲಿಷ್ ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಒಲೆ ಮೇಲಿನ ಹಾಲಿಗೆ ಬೆಕ್ಕು ಬಾಯಿ ಹಾಕಿದ್ದನ್ನು ಕಂಡವರ ಹಾಗೆ ಕೂಗಿದರು, "ಅಯ್ಯೋ, ಗ್ರೇವಿ!"

"ಎಲ್ಲಿ ಗ್ರೇವಿ?" ಅಂದೆ. ನನಗೆ ನಿಜವಾಗಲೂ ಕಾಣಿಸಿರಲಿಲ್ಲ.

"ಈಗ ಸೋಪು ಹಾಕಿದೆಯಲ್ಲ, ಅದೇ."

ಆವತ್ತು ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಲೀಡ್ಸಿನಲ್ಲಿರೋ ನಮ್ಮ ಸಣ್ಣ ಮನೆಯಲ್ಲಿ ಒಣ ಮಾಂಸ, ಒಣ ಆಲೂಗಡ್ಡೆ ತಿಂದೆವು. ಅಜ್ಜಿ ಏನೂ ಅನ್ನಲಿಲ್ಲ, ಸಾಸಿವೆ ಪೇಸ್ಟು ಜಾಸ್ತಿ ಜಾಸ್ತಿ ಹಚ್ಚಿಕೊಂಡು ಊಟ ಮುಗಿಸಿದರು. ಹೋಗುವಾಗ ಮಾತ್ರ, "ಮುಂದಿನ ಸಲ ಟ್ರೇ ಮುಟ್ಟಬೇಡ, ನನ್ನ ಕರಿ" ಅಂತ ಹೇಳಿ ಹೋದರು.

ನನ್ನ ತಪ್ಪು ಅಂತ ಪೂರ್ತಿ ಒಪ್ಪಲ್ಲ. ಗ್ರೇವಿ ಅನ್ನೋ ಪದ ನನಗೆ ಗೊತ್ತಿದ್ದದ್ದು ಮೈಸೂರು, ಬೆಂಗಳೂರಿನ ಹೋಟೆಲಿನಿಂದ. ಅಲ್ಲಿ ಗೋಬಿ ಮಂಚೂರಿ ಡ್ರೈ ಬೇಕಾ ಗ್ರೇವಿ ಬೇಕಾ ಅಂತ ಕೇಳ್ತಾರೆ. ಈರುಳ್ಳಿ, ಟೊಮೆಟೊ, ಗೋಡಂಬಿ ರುಬ್ಬಿ ಕೆಂಪಗೆ ಕುದಿಸಿದ್ದಕ್ಕೆಲ್ಲ ಗ್ರೇವಿ ಅಂತಾರೆ. ಅಂದರೆ ಒಂದು ಪಾತ್ರೆಯಲ್ಲಿ ಬೇರೆಯಾಗಿ ತಯಾರಾಗೋ ವಸ್ತು ಅದು. ಇಲ್ಲಿ ನೋಡಿದರೆ ಗ್ರೇವಿಗೆ ಅಂತ ಯಾರೂ ಒಲೆಯೇ ಹಚ್ಚಲ್ಲ. ಬೇರೆ ಏನನ್ನೋ ಬೇಯಿಸುವಾಗ ಕೆಳಗೆ ತೊಟ್ಟಿಕ್ಕಿದ್ದು, ಸೋರಿದ್ದು, ಅಂಟಿಕೊಂಡಿದ್ದು ಸೇರಿ ಆಗೋದು.

ಆಮೇಲೆ ಓದಿದಾಗ ತಮಾಷೆ ಅನಿಸಿತು. ಸುಮಾರು 1390ರಲ್ಲಿ, ಇಂಗ್ಲೆಂಡಿನ ಎರಡನೇ ರಿಚರ್ಡ್ ರಾಜನ ಅಡುಗೆಯವರು ಬರೆಸಿಟ್ಟ ಪಾಕಗಳಲ್ಲಿ ಮೊಲದ ಗ್ರೇವಿ ಅಂತ ಒಂದಿದೆ. ಮಾಂಸ ಬೇಯಿಸಿದ ನೀರು, ಅರೆದ ಬಾದಾಮಿ, ಶುಂಠಿ ಪುಡಿ, ಸಕ್ಕರೆ. ಅದು ಇವತ್ತಿನ ಇಂಗ್ಲಿಷರ ಗ್ರೇವಿಗಿಂತ ನಮ್ಮ ಹೋಟೆಲಿನ ಶಾಹಿ ಕುರ್ಮಾಕ್ಕೇ ಹತ್ತಿರ, ಅಲ್ವಾ? ಆ ಪದ ಕೂಡ ಹಳೆಯ ಫ್ರೆಂಚಿನ ಇನ್ನೊಂದು ಪದವನ್ನು ಕೈಬರಹದಲ್ಲಿ ತಪ್ಪಾಗಿ ಓದಿ ಹುಟ್ಟಿದ್ದು ಅಂತ ನಿಘಂಟಿನವರು ಹೇಳ್ತಾರೆ. 'ನ' ಇದ್ದದ್ದು 'ವ' ಆಯಿತಂತೆ. ಹಾಗಾಗಿ ನಮ್ಮ ಹೋಟೆಲಿನವರು ಗ್ರೇವಿ ಅಂದದ್ದು ತಪ್ಪು ಅಂತ ಇಲ್ಲಿ ಯಾರಾದರೂ ನನಗೆ ಪಾಠ ಹೇಳೋಕೆ ಬಂದರೆ, ನಾನು ಮೊಲದ ಕಥೆ ತೆಗೀತೀನಿ.

ಎರಡನೇ ಸಲಕ್ಕೆ ಸಿದ್ಧತೆ ಸರಿಯಾಗೇ ಮಾಡಿಕೊಂಡೆ. ಲೀಡ್ಸಿನಲ್ಲಿ ಕರ್ಕ್‌ಗೇಟ್ ಮಾರ್ಕೆಟ್ ಅಂತ ಹಳೇ ಕಾಲದ ದೊಡ್ಡ ಮಾರುಕಟ್ಟೆ ಇದೆ. ಈಗ ಊರೂರಿಗೂ ಅಂಗಡಿ ಇಟ್ಟಿರೋ ಮಾರ್ಕ್ಸ್ ಅಂಡ್ ಸ್ಪೆನ್ಸರ್ 1884ರಲ್ಲಿ ಒಂದು ಪೆನ್ನಿಗೆ ಸಾಮಾನು ಮಾರೋ ಅಂಗಡಿಯಾಗಿ ಶುರುವಾದದ್ದು ಇಲ್ಲೇ. ಒಳಗೆ ಮಾಂಸದ ಅಂಗಡಿಗಳದ್ದೇ ಒಂದು ಸಾಲು. ಅಲ್ಲಿ ನಿಂತು ಗಾಜಿನ ಹಿಂದೆ ಕೆಂಪಗೆ ಜೋಡಿಸಿಟ್ಟದ್ದನ್ನು ನೋಡುವಾಗ ನನಗೆ ಇವತ್ತಿಗೂ ಒಂದು ಕ್ಷಣ ಹಿಂದೆ ತಿರುಗಿ ಯಾರಾದರೂ ಪರಿಚಯದವರು ಇದ್ದಾರಾ ಅಂತ ನೋಡೋ ಚಾಳಿ. ಅದಕ್ಕೆ ಆಮೇಲೆ ಬರ್ತೀನಿ.

ಟಾಪ್‌ಸೈಡ್ ಕೊಡಿ ಅಂದೆ, ಒಂದೂವರೆ ಕೇಜಿ. ಹಿಂದೊಡೆಯ ಒಳಗಿನ ಮಾಂಸ ಅದು. ಕೊಬ್ಬು ಕಮ್ಮಿ, ಅದಕ್ಕೇ ಅಂಗಡಿಯವರು ಮೇಲೊಂದು ಕೊಬ್ಬಿನ ಹಾಳೆ ಹೊದಿಸಿ ದಾರದಲ್ಲಿ ಬಿಗಿದು ಕೊಡ್ತಾರೆ. ಆ ಹೊದಿಕೆ ಬೇಡ ಅನ್ನಬೇಡಿ. ಕರಗಿ ಕೆಳಗೆ ಬೀಳೋದು ಅದೇ, ಗ್ರೇವಿಗೆ ಬೇಕಾದ್ದೂ ಅದೇ.

ಮಾಡೋದು ಸುಲಭ. ಟ್ರೇಯಲ್ಲಿ ಎರಡು ಈರುಳ್ಳಿ, ಒಂದು ಕ್ಯಾರೆಟ್ ದಪ್ಪದಪ್ಪ ಹೆಚ್ಚಿ ಹಾಸಿ, ಉಪ್ಪು, ಮೆಣಸು ಸವರಿದ ಮಾಂಸ ಅದರ ಮೇಲೆ. 220 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ 180ಕ್ಕೆ ಇಳಿಸಿ ಪ್ರತಿ 500 ಗ್ರಾಂಗೆ 20 ನಿಮಿಷದ ಲೆಕ್ಕ. ಮಧ್ಯದಲ್ಲಿ ಈರುಳ್ಳಿ ಕರಿಕಾಗೋ ಹಾಗೆ ಕಂಡರೆ ಒಂದು ಲೋಟ ನೀರು. ಕಂದು ಆಗಬೇಕು, ಕಪ್ಪಾಗಬಾರದು. ಈ ಎರಡರ ಮಧ್ಯೆ ಇರೋ ಅಂತರ ಐದು ನಿಮಿಷದ್ದು. ಒಂದು ಸಲ ಸೀದು ಹೋದರೆ ಆ ಕಹಿ ಯಾವ ದೇವರು ಬಂದರೂ ಹೋಗಲ್ಲ, ಆಗ ಸೋಪು ಹಾಕೋದೇ ಸರಿ.

ಅಜ್ಜಿ ಬಂದರು, ಏಪ್ರನ್ ಅವರದ್ದೇ ತಂದಿದ್ದರು. ಮಾಂಸವನ್ನು ಹಲಗೆ ಮೇಲಿಟ್ಟು ಅಲ್ಯೂಮಿನಿಯಂ ಹಾಳೆ ಮುಚ್ಚಿಸಿದರು. ಅರ್ಧ ಗಂಟೆ ಅದರ ತಂಟೆಗೆ ಹೋಗಬಾರದು. ಆಗ ಅದರಿಂದ ಇಳಿಯೋ ಕೆಂಪು ನೀರನ್ನು ನಾನು ರಕ್ತ ಅಂದುಕೊಂಡಿದ್ದೆ. ರಕ್ತ ಕಸಾಯಿಖಾನೆಯಲ್ಲೇ ಹೋಗಿರುತ್ತೆ, ಇದು ಮಾಂಸಖಂಡದಲ್ಲಿರೋ ಮಯೋಗ್ಲೋಬಿನ್ ಅನ್ನೋ ಕೆಂಪು ಪ್ರೋಟೀನ್ ಬೆರೆತ ನೀರು. ಆ ನೀರೂ ಕೊನೆಗೆ ಗ್ರೇವಿಗೇ ಹೋಗಬೇಕು.

ಆಮೇಲೆ ಟ್ರೇ ಓರೆ ಮಾಡಿ, ಮೇಲೆ ತೇಲಿದ ಕೊಬ್ಬನ್ನು ಚಮಚದಲ್ಲಿ ತೆಗೆಸಿದರು. ಎರಡು ದೊಡ್ಡ ಚಮಚದಷ್ಟು ಮಾತ್ರ ಟ್ರೇಯಲ್ಲಿ ಉಳಿಯಿತು. ಉಳಿದದ್ದನ್ನು ನಾನು ಎಲ್ಲಿ ಚೆಲ್ಲಿಬಿಡ್ತೀನೋ ಅಂತ ಅವರೇ ಬಟ್ಟಲು ಹುಡುಕಿ ಸುರಿದುಕೊಂಡರು. ಇದಕ್ಕೆ ಡ್ರಿಪಿಂಗ್ ಅಂತಾರೆ. ಅಜ್ಜಿಗೆ ಎಂಬತ್ತು ದಾಟಿದೆ. ಯುದ್ಧ ಮುಗಿದು ಎಷ್ಟೋ ವರ್ಷ ಆದಮೇಲೂ, 1954ರವರೆಗೂ, ಇಲ್ಲಿ ಮಾಂಸ ರೇಷನ್ನಿನಲ್ಲೇ ಸಿಗ್ತಿದ್ದದ್ದು. ಅವರ ಬಾಲ್ಯದಲ್ಲಿ ಸೋಮವಾರದ ತಿಂಡಿ ಅಂದರೆ ಭಾನುವಾರದ ಡ್ರಿಪಿಂಗನ್ನು ಬ್ರೆಡ್ಡಿಗೆ ಬಳಿದು, ಮೇಲೆ ಉಪ್ಪು ಉದುರಿಸಿದ್ದು. ತಳದಲ್ಲಿ ಉಳಿದ ಕಂದು ಜೆಲ್ಲಿ ಯಾರಿಗೆ ಅನ್ನೋದಕ್ಕೆ ಅಣ್ಣತಂಗಿ ಜಗಳವಂತೆ.

ಇನ್ನು ಟ್ರೇಯನ್ನೇ ಒಲೆ ಮೇಲೆ ಇಡೋದು. ಸಣ್ಣ ಉರಿ. ಎರಡು ಚಮಚ ಮೈದಾ ಉದುರಿಸಿ ಕೊಬ್ಬಿನಲ್ಲಿ ಕಲೆಸುತ್ತಾ ಹುರಿಯೋದು. ಎಷ್ಟು ಹೊತ್ತು ಅಂತ ಕೇಳಿದೆ. ಹಿಟ್ಟಿನ ವಾಸನೆ ಹೋಗಿ ಬಿಸ್ಕತ್ತಿನ ವಾಸನೆ ಬರೋತನಕ ಅಂದರು. ಹಸಿ ವಾಸನೆ ಹೋಗೋವರೆಗೂ ಹುರೀಬೇಕು! ಇದನ್ನು ನಾನು ಹುಟ್ಟಿದಾಗಿಂದ ಕೇಳ್ತಾ ಬಂದಿದ್ದೀನಿ. ಆ ಕ್ಷಣದಿಂದ ನನ್ನ ಕೈಗೆ ಧೈರ್ಯ ಬಂತು.

ಆಮೇಲೆ ನೀರು. ಬರೀ ನೀರಲ್ಲ. ಆಲೂಗಡ್ಡೆ, ಎಲೆಕೋಸು ಬೇಯಿಸಿದ ನೀರನ್ನು ಅಜ್ಜಿ ಚೆಲ್ಲಗೊಡಲಿಲ್ಲ, ಬಸಿದು ಇಡಿಸಿದ್ದರು. ಬಸಿದ ನೀರಲ್ಲಿ ಸಾರು ಮಾಡೋ ಜನ ನಾವೊಬ್ಬರೇ ಅಂದುಕೊಂಡಿದ್ದೆ. ಕಾಳು, ಸೊಪ್ಪು ಬೇಯಿಸಿ, ಕಟ್ಟು ಬಸಿದು, ಸೊಪ್ಪು ಪಲ್ಯಕ್ಕೆ, ಕಟ್ಟು ಸಾರಿಗೆ. ಯಾರ್ಕ್‌ಶೈರಿನ ಮುದುಕಿ ಒಬ್ಬರು ನನಗೆ ಬಸ್ಸಾರಿನ ನಿಯಮ ಹೇಳಿಕೊಡ್ತಾರೆ ಅಂತ ಕನಸಲ್ಲೂ ಎಣಿಸಿರಲಿಲ್ಲ. ಸುಮಾರು ಅರ್ಧ ಲೀಟರ್. ಮೊದಲು ಒಂದು ಸೌಟು, ಕಲೆಸು, ಇನ್ನೊಂದು ಸೌಟು, ಕಲೆಸು. ನಾನು ಅವಸರ ಮಾಡಿ ಒಟ್ಟಿಗೆ ಸುರಿದೆ. ಗಂಟಾಯಿತು.

ಗಂಟಿನ ವಿಷಯದಲ್ಲಿ ನನಗೆ ಸ್ವಲ್ಪ ಸ್ವಾಭಿಮಾನ ಇದೆ. ನಂದು ನಂಜನಗೂಡಿನ ಕಡೆ ಊರು, ಮುದ್ದೆ ತಿಂದು ಬೆಳೆದ ಮೈ. ಎಸರಿಗೆ ಇಟ್ಟಾಗ ಅವ್ವ ಮೊದಲು ಒಂದು ಹಿಡಿ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಬಿಡ್ತಿದ್ದಳು, ಅದು ಗಂಜಿಯ ಹಾಗೆ ಕುದಿ ಬಂದಮೇಲೆ ಉಳಿದ ಹಿಟ್ಟು, ಆಮೇಲೆ ಕೋಲು. ಗಂಟು ಬಿದ್ದ ಮುದ್ದೆ ಬಡಿಸಿದ ಮನೆಯವರ ಬಗ್ಗೆ ನಮ್ಮೂರಲ್ಲಿ ಮೂರು ದಿನ ಮಾತಾಡ್ತಾರೆ. ಅಂಥವರ ಮಗು ಎರಡು ಚಮಚ ಮೈದಾದಲ್ಲಿ ಗಂಟು ಮಾಡಿಕೊಂಡಿತು. ಕಾರಣ ಒಂದೇ. ಒಣ ಹಿಟ್ಟು ಬಿಸಿನೀರಿಗೆ ಬಿದ್ದ ತಕ್ಷಣ ಹೊರಗಿನ ಪದರ ಬೆಂದು ಅಂಟಾಗುತ್ತೆ, ಒಳಗಿನ ಹಿಟ್ಟಿಗೆ ನೀರೇ ತಾಗಲ್ಲ. ತಣ್ಣೀರಲ್ಲಿ ಕದಡಿದರೆ ಹಿಟ್ಟಿನ ಕಣಗಳು ಮೊದಲೇ ಬೇರೆ ಬೇರೆ ಆಗಿರುತ್ತವೆ. ಕೊಬ್ಬಿನಲ್ಲಿ ಹುರಿದಾಗಲೂ ಅಷ್ಟೇ, ಒಂದೊಂದು ಕಣಕ್ಕೂ ಜಿಡ್ಡು ಹತ್ತಿ ಒಂದಕ್ಕೊಂದು ಅಂಟಲ್ಲ. ಆದರೂ ನೀರು ಸ್ವಲ್ಪ ಸ್ವಲ್ಪವೇ ಹಾಕಬೇಕು. ಆವತ್ತಿನ ಗಂಟನ್ನು ಜರಡಿ ಕಾಪಾಡಿತು. ಹೇಗೂ ಈರುಳ್ಳಿ, ಕ್ಯಾರೆಟ್ ಸೋಸಲೇಬೇಕಿತ್ತು.

ನೀರು ಬಿದ್ದಮೇಲೆ ಮರದ ಚಪ್ಪಟೆ ಸೌಟಿನಿಂದ ತಳ ಕೆರೆಯೋದು. ಇದನ್ನು ನೀವು ಒಂದು ಸಲ ಕಣ್ಣಾರೆ ನೋಡಬೇಕು. ಐದು ನಿಮಿಷದ ಹಿಂದೆ ಉಜ್ಜಿದರೂ ಬಿಡಲ್ಲ ಅನ್ನೋ ಹಾಗೆ ಕಚ್ಚಿಕೊಂಡಿದ್ದ ಕಲೆ, ಬಿಸಿ ತಾಗಿದ ಕೂಡಲೇ ಅಂಚಿಂದ ಸಡಿಲ ಆಗಿ, ಎಳೆ ಎಳೆಯಾಗಿ ನೀರಿಗೆ ಬಿಟ್ಟುಕೊಳ್ಳುತ್ತೆ. ಬಿಳಿಚಿಕೊಂಡಿದ್ದ ಮೈದಾ ನೀರು ಮೊದಲು ಚಹಾದ ಬಣ್ಣಕ್ಕೆ, ಆಮೇಲೆ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ. ಟ್ರೇಯ ನಾಲ್ಕೂ ಮೂಲೆಗೆ ಸೌಟು ಹೋಗಬೇಕು. ಕೆರೆದು ಮುಗಿಯೋ ಹೊತ್ತಿಗೆ ಟ್ರೇ ತೊಳೆದಿಟ್ಟ ಹಾಗೆ ಇರುತ್ತೆ. ಹತ್ತು ನಿಮಿಷ ಕುದಿಸಿ, ಹಲಗೆ ಮೇಲೆ ಇಳಿದ ಮಾಂಸದ ನೀರು ಸೇರಿಸಿ, ಸೋಸಿ, ಕೊನೆಗೆ ಉಪ್ಪು. ಮೊದಲೇ ಉಪ್ಪು ಹಾಕಿದರೆ ಕುದ್ದು ಬತ್ತಿದ ಮೇಲೆ ಉಪ್ಪುಪ್ಪಾಗುತ್ತೆ. ಸೌಟಿನ ಬೆನ್ನಿಗೆ ತೆಳ್ಳಗೆ ಹತ್ತಿಕೊಂಡರೆ ಹದ ಬಂತು ಅಂತ ಅರ್ಥ. ಅಜ್ಜಿ ನಾಲ್ಕು ಹನಿ ವೂಸ್ಟರ್ ಸಾಸ್ ಹಾಕಿದರು. ಅದರಲ್ಲಿ ಹುಣಸೆಹಣ್ಣಿದೆ, ಬಾಟಲಿ ಹಿಂದೆ ಬರೆದಿರುತ್ತೆ, ನೋಡಿ.

ಆ ಕಂದು ಬಣ್ಣಕ್ಕೆ ಒಂದು ಹೆಸರಿದೆ. 1912ರಲ್ಲಿ ಲೂಯಿ ಕಮಿಲ್ ಮಯ್ಯಾರ್ ಅನ್ನೋ ಫ್ರೆಂಚ್ ವಿಜ್ಞಾನಿ, ಅಮೈನೋ ಆಮ್ಲ ಮತ್ತು ಸಕ್ಕರೆ ಬಿಸಿಯಲ್ಲಿ ಸೇರಿ ಕಂದಾಗೋದನ್ನು ವಿವರಿಸಿದ. ನಮ್ಮ ದೋಸೆಯ ಗರಿ, ಹುರಿದ ಕಾಫಿ ಬೀಜ, ಬ್ರೆಡ್ಡಿನ ಮೇಲ್ಪದರ, ಎಲ್ಲದರಲ್ಲೂ ಅದೇ ನಡೆಯೋದು. ಆದರೆ ಅದು ಜೋರಾಗಿ ನಡೆಯೋಕೆ ಸುಮಾರು 140 ಡಿಗ್ರಿ ಬೇಕು. ನೀರಿರೋ ಕಡೆ 100 ದಾಟಲ್ಲ, ಕುಕ್ಕರಿನಲ್ಲಿ ಹೆಚ್ಚೆಂದರೆ 120. ಅದಕ್ಕೇ ಕುಕ್ಕರಿನಲ್ಲಿ ಸುಮ್ನೆ ಬೇಯಿಸಿದ ಮಾಂಸ ಬೂದು ಬಣ್ಣಕ್ಕಿರುತ್ತೆ. ಅದಕ್ಕೇ ಅವ್ವ ಮಾಂಸ ಕೂಗಿಸೋ ಮೊದಲು ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಜೊತೆ ಬಾಡಿಸಿ, ತಳ ಹತ್ತೋವರೆಗೂ ಹುರಿದು, ಆಮೇಲೆ ಎರಡು ಲೋಟ ನೀರು ಹಾಕಿ ಕೆರೀತಿದ್ದಳು. ಮಯ್ಯಾರ್ ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ, ಆದರೆ "ತಳ ಬುಡು, ಅಲ್ಲೇ ಇರೋದು ರುಚಿ" ಅಂತ ಅವಳೂ ಅಂದಿದ್ದಳು. ನನಗೆ ನೆನಪಾದದ್ದು ಟ್ರೇ ತೊಳೆದ ಮೇಲೆ. ಸಾರು ಬೇರೆ ಪಾತ್ರೆಗೆ ಬಗ್ಗಿಸಿದ ಮೇಲೆ ಅದೇ ಕುಕ್ಕರಿಗೆ ಅನ್ನ ಹಾಕಿ, ಬಳಿದು, ಕೈತುತ್ತು ಮಾಡಿ ಕೊಡ್ತಿದ್ದಳಲ್ಲ, ಆ ಅನ್ನದ ಮುಂದೆ ಸಾರು ಏನೂ ಅಲ್ಲ.

ಈಗ ಆ ಹಿಂದೆ ತಿರುಗಿ ನೋಡೋ ಚಾಳಿಯ ವಿಷಯ. ನಮ್ಮ ಮನೆಯಲ್ಲಿ ದನದ ಮಾಂಸಕ್ಕೆ ಹೆಸರಿರಲಿಲ್ಲ. ಬಾಡು ಅಂದರೆ ಅದೇ. ಬೇರೆಯದಾದರೆ ಮಾತ್ರ ಕುರಿ ಬಾಡು, ಕೋಳಿ ಬಾಡು ಅಂತ ಬಿಡಿಸಿ ಹೇಳ್ತಿದ್ದರು. ಊರಿನಲ್ಲಿ, ನಮ್ಮ ಬೀದಿಯಲ್ಲಿ, ಅದು ಮುಚ್ಚಿಡೋ ವಿಷಯವೂ ಆಗಿರಲಿಲ್ಲ. ಅಪ್ಪನ ಕೆಲಸಕ್ಕೆ ಅಂತ ಮೈಸೂರಿಗೆ ಬಂದು ಬಾಡಿಗೆ ಮನೆ ಹಿಡಿದಮೇಲೆ ಎಲ್ಲ ಬದಲಾಯಿತು. ಮನೆ ಕೇಳೋಕೆ ಹೋದರೆ ಹೆಸರು, ಊರು, ಆಮೇಲೆ "ವೆಜ್ಜಾ ನಾನ್‌ವೆಜ್ಜಾ?" ಅಪ್ಪ "ಅಪರೂಪಕ್ಕೆ, ಕೋಳಿ" ಅಂತಿದ್ದ. ಭಾನುವಾರ ಬೆಳಗ್ಗೆ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿನಲ್ಲಿ ಹಾಕಿ, ಅದನ್ನು ತರಕಾರಿ ಚೀಲದ ತಳಕ್ಕಿಟ್ಟು, ಮೇಲೆ ಒಂದು ಕಟ್ಟು ದಂಟಿನ ಸೊಪ್ಪು. ಆ ಸೊಪ್ಪು ಎಷ್ಟು ಸಲ ತಂದಿದ್ದೀವಿ ಅಂದರೆ ನನಗೆ ದಂಟಿನ ಸೊಪ್ಪು ಕಂಡರೆ ಇವತ್ತಿಗೂ ಬಾಯಲ್ಲಿ ನೀರೂರುತ್ತೆ, ಸೊಪ್ಪಿಗಾಗಿ ಅಲ್ಲ.

ಮಸಾಲೆ ಹುರಿಯೋ ಹೊತ್ತಿಗೆ ಅವ್ವ ಕಿಟಕಿ ಹಾಕ್ತಿದ್ದಳು. ಒಂದು ಸಲ ಓನರ್ ಮನೆಯಾಕೆ ಮೆಟ್ಟಿಲಲ್ಲಿ ನಿಂತು, "ಏನೋ ಘಮ್ ಅಂತಿದೆಯಲ್ಲ, ಏನ್ರೀ ಸ್ಪೆಷಲ್ಲು?" ಅಂತ ಕೇಳಿದರು. ಪಾಪ, ನಿಜವಾಗಲೂ ಹಸಿವಾಗಿಯೇ ಕೇಳಿದ್ದಿರಬಹುದು. ಅವ್ವ ಕಣ್ಣು ಮಿಟುಕಿಸದೆ "ಮಟನ್" ಅಂದಳು. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಅವ್ವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇಲ್ಲಿ ಭಾನುವಾರ ಮಧ್ಯಾಹ್ನ ನಮ್ಮ ರಸ್ತೆಯಲ್ಲಿ ನಡೆದು ಹೋದರೆ ಮನೆ ಮನೆಯಿಂದ ಅದೇ ವಾಸನೆ. ಯಾವ ಕಿಟಕಿಯೂ ಅದಕ್ಕಾಗಿ ಮುಚ್ಚಿರಲ್ಲ, ಚಳಿಗಾಗಿ ಮುಚ್ಚಿರುತ್ತೆ ಅಷ್ಟೇ. ಊರಲ್ಲಿ ಈಗ ಇನ್ನೂ ಕಷ್ಟ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದಮೇಲೆ ದನ-ಎಮ್ಮೆಗಳ ಪೈಕಿ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ಏನೂ ಕಡಿಯೋ ಹಾಗಿಲ್ಲ. "ಈಗ ಬಾಡು ಅಂದ್ರೆ ಕೋಳಿನೇ ಕಣ್ ಮಗ" ಅಂತ ಅವ್ವ ಫೋನಲ್ಲಿ ಹೇಳಿದಳು. ಬೇರೆ ಹೆಸರೇ ಇಲ್ಲದಿದ್ದ ಮಾಂಸದ ಪದ ಬೇರೆಯದಕ್ಕೆ ಹೋಯಿತು.

ಗ್ರೇವಿಯ ಮಾತಿಗೆ ವಾಪಸ್ ಬರ್ತೀನಿ. ಇಲ್ಲಿಯವರೂ ದಿನಾ ಹೀಗೆ ಮಾಡ್ತಾರೆ ಅಂದುಕೋಬೇಡಿ. ಅಜ್ಜಿಯ ಕಪಾಟಿನಲ್ಲೇ ಬಿಸ್ಟೊ ಡಬ್ಬ ಇದೆ, ವಾರದ ದಿನಗಳಿಗೆ. 1908ರಿಂದ ಇರೋ ಪುಡಿ, ಬಿಸಿನೀರಲ್ಲಿ ಕಲೆಸಿದರೆ ಗ್ರೇವಿ ಆಗೋ ಹರಳು ಬಂದದ್ದು 1979ರಲ್ಲಿ. ಮೂಲ ಪುಡಿಯಲ್ಲಿ ಮಾಂಸ ಅನ್ನೋದೇ ಇಲ್ಲ. ಆಲೂಗಡ್ಡೆ ಪಿಷ್ಟ, ಉಪ್ಪು, ಬಣ್ಣ, ಇಂಥವೇ. ಬೀಫ್ ಇಲ್ಲದ ಬೀಫ್ ಗ್ರೇವಿ! ಮಾಂಸ ತಿಂದೂ ತಿನ್ನಲ್ಲ ಅನ್ನೋರನ್ನ ನೋಡಿದ್ದೆ, ಮಾಂಸ ಇಲ್ಲದೇನೂ ಇದೆ ಅನ್ನಿಸೋ ಈ ಕೆಲಸ ಹೊಸದು. ರುಚಿ ಪರವಾಗಿಲ್ಲ, ಚಿಪ್ಸಿಗೆ ಸುರಿದುಕೊಂಡು ನಾನೂ ತಿಂತೀನಿ. ಟ್ರೇಯ ಗ್ರೇವಿ ಬೇರೆ.

ಮತ್ತೆ ಯಾರ್ಕ್‌ಶೈರ್ ಪುಡಿಂಗ್. ಮೈದಾ, ಮೊಟ್ಟೆ, ಹಾಲು ಕಲೆಸಿ, ಸುಡೋ ಕೊಬ್ಬಿಗೆ ಸುರಿದು ಓವನ್ನಿಗಿಟ್ಟರೆ ಉಬ್ಬೋದು. ಹೋಟೆಲಿನಲ್ಲಿ ಮಾಂಸದ ಜೊತೆ ಕೊಡ್ತಾರೆ, ಆದರೆ ಅಜ್ಜಿ ಮನೆಯಲ್ಲಿ ಹಾಗಲ್ಲ. ಮೊದಲು ಪುಡಿಂಗ್, ಅದರ ಹೊಟ್ಟೆ ತುಂಬ ಗ್ರೇವಿ. ಅದು ತಿಂದಮೇಲೆ ಮಾಂಸ. ಪುಡಿಂಗ್‌ನಲ್ಲೇ ಹೊಟ್ಟೆ ತುಂಬಿದರೆ ಮಾಂಸ ಕಮ್ಮಿ ಸಾಕಾಗುತ್ತೆ, ಬಡವರ ಮನೆ ಲೆಕ್ಕ. ಬಾಡೂಟಕ್ಕೆ ಅಂತ ಅವ್ವ ದೊಡ್ಡ ಮುದ್ದೆ ಮಾಡ್ತಿದ್ದದ್ದು, "ಮೊದ್ಲು ಎಸರಲ್ಲಿ ಉಣ್ಣು, ತುಂಡು ಆಮೇಲೆ" ಅಂತಿದ್ದದ್ದು ಯಾಕೆ ಅಂತ ನನಗೆ ಅರ್ಥ ಆದದ್ದು ಸಾವಿರಾರು ಮೈಲಿ ದೂರದ ಈ ಟೇಬಲ್ಲಿನಲ್ಲಿ.

ಹೋದ ಬೇಸಿಗೆಯಲ್ಲಿ ಅವ್ವ ಬಂದಿದ್ದಳು. ಮೊದಲ ಸಲ ವಿಮಾನ, ಮೊದಲ ಸಲ ಇಷ್ಟು ದೂರ. ರಾಗಿ ಹಿಟ್ಟು, ಖಾರದ ಪುಡಿ, ಹುರಿಗಡಲೆ ಎಲ್ಲ ಹೊತ್ತು ತಂದಿದ್ದಳು. ಭಾನುವಾರ ಗ್ರೇವಿ ಮಾಡಿ ತೋರಿಸ್ತೀನಿ ಅಂದೆ. "ಖಾರ ಇಲ್ದೆ, ಕಾಯಿ ಇಲ್ದೆ ಅದೇನ್ ಎಸರು ಮಗ?" ಅಂತ ಸ್ಟೂಲ್ ಎಳೆದುಕೊಂಡು ಕೂತಳು. ಮಾಂಸ ತೆಗೆದೆ, ಟ್ರೇ ಒಲೆ ಮೇಲಿಟ್ಟೆ, ಮೈದಾ ಉದುರಿಸಿದೆ. ಕೊಬ್ಬಿನಲ್ಲಿ ಹಿಟ್ಟು ಹುರಿಯೋ ಘಮ ಏಳೋಕೆ ಶುರುವಾಯಿತು. ನಾನು ಟ್ರೇ ಮೇಲೆ ಬಗ್ಗಿದ್ದೆ. ಹಿಂದೆ ಟಕ್ ಅಂತ ಸದ್ದು. ಅವ್ವ ಎದ್ದು ಕಿಟಕಿ ಹಾಕಿದ್ದಳು. ಹಾಕಿ, ಚಿಲಕ ಸರಿಯಾಗಿ ಕೂತಿದೆಯಾ ಅಂತ ಒಂದು ಸಲ ಒತ್ತಿಯೂ ನೋಡಿದಳು.

ನಾನು ಬೇಡ ಅನ್ನೋ ಹೊತ್ತಿಗೆ ಹೊಗೆ ತುಂಬಿ, ಸೂರಿನಲ್ಲಿರೋ ಅಲಾರ್ಮ್ ಹೊಡೆದುಕೊಳ್ಳೋಕೆ ಶುರುವಾಯಿತು. ಅವ್ವ ಬೆಚ್ಚಿಬಿದ್ದಳು, ನಾನು ಟವೆಲ್ ಹಿಡಿದು ಅಲಾರ್ಮಿನ ಕೆಳಗೆ ಬೀಸುತ್ತಾ ನಿಂತೆ. ಹಿಂಬಾಗಿಲಿಂದ ಅಜ್ಜಿ ಬಂದೇಬಿಟ್ಟರು, ಏನಾಯಿತು ಅಂತ. ಆಮೇಲೆ ಮೂಗರಳಿಸಿ, ಅವ್ವನ ಕಡೆ ತಿರುಗಿ, ನಗುತ್ತಾ ಕೇಳಿದರು, ಏನು ಅಡುಗೆ ಇವತ್ತು ಅಂತ. ಅವ್ವನಿಗೆ ಇಂಗ್ಲಿಷ್ ಬರಲ್ಲ, ಆದರೆ ಪ್ರಶ್ನೆ ತಿಳಿಯಿತು.

"ಮಟನ್" ಅಂದಳು.

ಅಜ್ಜಿ ನನ್ನ ಮುಖ ನೋಡಿದರು, ಟ್ರೇ ನೋಡಿದರು. "ಇಲ್ಲ ಲವ್, ಇದು ಬೀಫು, ನಮ್ಮನೆ ತನಕ ಬಂದಿದೆ ವಾಸನೆ" ಅಂತ ಹೇಳಿ ಕಿಟಕಿ ಪೂರ್ತಿ ತೆರೆದರು. ಅವ್ವ ನನ್ನ ಕಡೆ ನೋಡಿದಳು. ನಾನು ಏನೂ ಹೇಳಲಿಲ್ಲ, ಮರದ ಸೌಟನ್ನು ಅವಳ ಕೈಗೆ ಕೊಟ್ಟೆ. ಬಸಿದ ನೀರು ನಾನು ಸುರಿದೆ, ಅವಳು ಕೆರೆದಳು. ಮೂಲೆ ಮೂಲೆ ಬಿಡದೆ ಕೆರೆದು, ಬೆರಳಿಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ ನೋಡಿದಳು.

"ಉಪ್ಪು ಒಂಚೂರು ಕಮ್ಮಿ" ಅಂದಳು.